ಶುಗರಿಗೂ ಆಪರೇಷನ್ನಾ?

ಬೈಲಹೊಂಗಲ, ಸವದತ್ತಿ ಕಡೆ ಮಧುಮೇಹ ಅನ್ನೋ ಪದ ಪುಸ್ತಕದಲ್ಲಿ ಮಾತ್ರ. ಜನರ ಬಾಯಲ್ಲಿ ಅದು 'ಶುಗರ್', ಇಲ್ಲಾ 'ಸಕ್ಕರಿ ಬ್ಯಾನಿ'. ಕಿತ್ತೂರಿನ ಹತ್ತಿರ ಎಂ.ಕೆ. ಹುಬ್ಬಳ್ಳಿಯಲ್ಲಿ, ಸವದತ್ತಿಯ ಹತ್ತಿರ ಮುನವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳೂ ಇವೆ. ಕಾರ್ಖಾನೆಗೂ ಕಾಯಿಲೆಗೂ ನಾನು ನಂಟು ಕಟ್ಟುತ್ತಿಲ್ಲ, ಹೆಸರಷ್ಟೇ ಒಂದು!

ಈ ಕಡೆಯವರಿಗೆ ಶುಗರಿಗೂ ಆಪರೇಷನ್ ಇದೆ ಅಂದರೆ ನಗುತ್ತಾರೆ. "ಹೊಟ್ಟಿ ಕೊಯ್ದರ ರಕ್ತದಾಗಿನ ಸಕ್ಕರಿ ಹೆಂಗ ಇಳಿತೈತ್ರೀ?" ಪ್ರಶ್ನೆ ಸರಿಯಾಗೇ ಇದೆ. ಸರ್ಜನ್‌ಗಳಿಗೂ ಇದು ಗೊತ್ತಾಗಿದ್ದು ಬೇರೇನೋ ಮಾಡಲು ಹೋಗಿ.

1967ರಲ್ಲಿ ಅಮೆರಿಕದ ಅಯೋವಾದ ಎಡ್ವರ್ಡ್ ಮೇಸನ್ ಗ್ಯಾಸ್ಟ್ರಿಕ್ ಬೈಪಾಸ್ ಬಗ್ಗೆ ಬರೆದರು. ಜಠರದ ಮೇಲ್ಭಾಗವನ್ನು ಸಣ್ಣ ಚೀಲದಂತೆ ಬೇರ್ಪಡಿಸಿ ನೇರ ಸಣ್ಣ ಕರುಳಿಗೆ ಜೋಡಿಸುವುದು. ಉದ್ದೇಶ ತೂಕ ಇಳಿಸುವುದಷ್ಟೇ. ಆಮೇಲೆ ನಾರ್ತ್ ಕೆರೊಲಿನಾದ ವಾಲ್ಟರ್ ಪೋರೀಸ್ 1995ರಲ್ಲಿ ಲೆಕ್ಕ ಕೊಟ್ಟರು: ಬೈಪಾಸ್ ಆದ 146 ಮಧುಮೇಹಿಗಳಲ್ಲಿ 121 ಮಂದಿಯ ಸಕ್ಕರೆ ಮಟ್ಟ ಸರಿಹೋಗಿತ್ತು. ಅದೂ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ! ಊಟ ಕರುಳಿನ ಕೆಳಭಾಗವನ್ನು ಬೇಗ ತಲುಪಿದಾಗ ಜಿಎಲ್‌ಪಿ-1 ಎಂಬ ಹಾರ್ಮೋನು ಹೆಚ್ಚುತ್ತದೆ, ಅದು ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ. ಈಗ ಎಲ್ಲರೂ ಮಾತಾಡುವ ತೂಕ ಇಳಿಸೋ ಇಂಜೆಕ್ಷನ್ನು ಇದೇ ಹಾರ್ಮೋನಿನ ನಕಲು.

ಆದರೆ ಆಗೆಲ್ಲ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಿತ್ತು. ದಪ್ಪ ಹೊಟ್ಟೆಯ ಗಾಯ ಕೀವಾಗುವುದು, ಹರ್ನಿಯಾ ಆಗುವುದು ಇದ್ದದ್ದೇ. 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಟೆಹೆಮ್ಟನ್ ಉದ್ವಾಡಿಯಾ ಸಣ್ಣ ತೂತುಗಳಿಂದಲೇ ಪಿತ್ತಕೋಶ ತೆಗೆದು ಭಾರತಕ್ಕೆ ಲ್ಯಾಪರೋಸ್ಕೋಪಿಯ ದಾರಿ ತೆರೆದರು. 1994ರಲ್ಲಿ ಸ್ಯಾನ್ ಡಿಯೇಗೊದ ವಿಟ್‌ಗ್ರೋವ್, ಕ್ಲಾರ್ಕ್ ಜೋಡಿ ಬೈಪಾಸನ್ನೇ ಹಾಗೆ ಮಾಡಿದ್ದನ್ನು ವರದಿ ಮಾಡಿತು. ಈಗ ಬಾಯಿಂದ ಎಂಡೋಸ್ಕೋಪ್ ಇಳಿಸಿ, ಹೊರಗೆ ಒಂದು ಗೀರೂ ಇಲ್ಲದೆ ಜಠರಕ್ಕೆ ಒಳಗಿನಿಂದಲೇ ಹೊಲಿಗೆ ಹಾಕುತ್ತಾರೆ. ತೂಕ ಮಾತ್ರ ಬೈಪಾಸಿನಷ್ಟು ಇಳಿಯದು.

2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಏಷ್ಯನ್ನರಿಗೆ ಬಿಎಂಐ 27.5 ದಾಟಿದರೆ ಆಪರೇಷನ್ ಯೋಚಿಸಬಹುದು. ಐದೂವರೆ ಅಡಿ ಎತ್ತರದವರಿಗೆ ಅದು ಸುಮಾರು 77 ಕೆ.ಜಿ. ಅಷ್ಟು ತೂಗುವವರು ಬೈಲಹೊಂಗಲದ ಪೇಟೆಯಲ್ಲಿ ದಿನಾ ಎದುರಾಗುತ್ತಾರೆ.

ನನ್ನ ತಕರಾರು ಇರುವುದು ಇಲ್ಲಿ. ತೂತು ಚಿಕ್ಕದಾಯಿತು, ಆಮೇಲಿನ ಕೆಲಸ ಚಿಕ್ಕದಾಗಲಿಲ್ಲ. ಬೈಪಾಸ್ ಆದವರಿಗೆ ಬಿ12, ಕಬ್ಬಿಣದ ಗುಳಿಗೆ, ರಕ್ತಪರೀಕ್ಷೆ ಜೀವನಪೂರ್ತಿ ಬೇಕು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಮ್ಮಿ ಇರುವುದುಂಟು. ಕೆಲವರಿಗೆ ವರ್ಷಗಳ ನಂತರ ಶುಗರ್ ಮತ್ತೆ ಬರುತ್ತದೆ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿ.ಮೀ. ಆಪರೇಷನ್ನಿಗೆ ಒಂದು ಸಲ ಯಾರಾದರೂ ಹೋಗಿಬಂದಾರು. ಐದನೇ ವರ್ಷದ ರಕ್ತಪರೀಕ್ಷೆ ಎಲ್ಲಿ, ಅದನ್ನು ನೋಡುವವರು ಯಾರು ಅಂತ ಸರ್ಜನ್‌ರನ್ನು ಮೊದಲೇ ಕೇಳಿಕೊಳ್ಳಬೇಕು, ಖರ್ಚು ಎಷ್ಟು ಅಂತ ಕೇಳುವುದಕ್ಕೂ ಮುಂಚೆ.