ಸ್ತನ ಕ್ಷಯ: ಗಂಡಮಾಲೆಯ ಕಾಲದಿಂದ ಆರು ತಿಂಗಳ ಮಾತ್ರೆಯವರೆಗೆ

ಕ್ಷಯ ಎಂದ ಕೂಡಲೇ ನಮಗೆ ನೆನಪಾಗುವುದು ಕೆಮ್ಮು, ಕಫ, ಸೊರಗಿದ ಮೈ. ಆದರೆ ಈ ಕಾಯಿಲೆ ಶ್ವಾಸಕೋಶವನ್ನಷ್ಟೇ ಹಿಡಿಯುವುದಿಲ್ಲ. ಕುತ್ತಿಗೆಯ ಗ್ರಂಥಿ, ಬೆನ್ನುಮೂಳೆ, ಗರ್ಭಕೋಶಕ್ಕೂ ಬರುತ್ತದೆ. ಅಪರೂಪಕ್ಕೆ ಸ್ತನಕ್ಕೂ ಬರುತ್ತದೆ. ಹೆಣ್ಣುಮಕ್ಕಳು ಮನೆಯಲ್ಲೂ ಹೇಳಲು ಹಿಂಜರಿಯುವ ಈ ಕಾಯಿಲೆಯ ಚರಿತ್ರೆಯನ್ನು ನಾವು ತಿಳಿದಿರಬೇಕು.

ಇದನ್ನು ಮೊದಲು ವಿವರಿಸಿದವರು ಲಂಡನ್ನಿನ ಶಸ್ತ್ರವೈದ್ಯ ಸರ್ ಆಸ್ಟ್ಲಿ ಕೂಪರ್. 1829ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಕುತ್ತಿಗೆಯ ಗ್ರಂಥಿಗಳೂ ಊದಿಕೊಂಡಿದ್ದ ಯುವತಿಯರಲ್ಲಿ ಕಂಡ ಎದೆಯ ಬಾವಿನ ಬಗ್ಗೆ ಅವರು ಬರೆದರು. ನಮ್ಮ ಹಿರಿಯರು ಗಂಡಮಾಲೆ ಎನ್ನುತ್ತಿದ್ದ ಕಾಯಿಲೆಗೆ ಅದನ್ನು ಸೇರಿಸಿದರು. ಆಗ ಕ್ಷಯದ ರೋಗಾಣು ಇನ್ನೂ ಪತ್ತೆಯಾಗಿರಲಿಲ್ಲ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿದ ಮೇಲೆಯೇ ಕಾರಣ ಸ್ಪಷ್ಟವಾಯಿತು.

ಕಾರಣ ತಿಳಿದರೂ ಔಷಧವಿರಲಿಲ್ಲ. ಗಂಟನ್ನು ಕತ್ತರಿಸಿ ತೆಗೆಯುವುದು, ಕೆಲವೊಮ್ಮೆ ಇಡೀ ಸ್ತನವನ್ನೇ ತೆಗೆಯುವುದು ಆಗಿನ ಚಿಕಿತ್ಸೆ. ಶ್ವಾಸಕೋಶದ ಕ್ಷಯವಿದ್ದವರಿಗೆ ಸ್ಯಾನಿಟೋರಿಯಂ. ಮದನಪಲ್ಲಿ, ತಾಂಬರಂ, ಮೈಸೂರುಗಳಲ್ಲಿ ಅಂಥವು ಇದ್ದವು. ಶುದ್ಧ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ ಅಲ್ಲಿನ ಮದ್ದು. ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ಅಲ್ಲಿರುವುದು ಎಷ್ಟು ಮಂದಿ ತಾಯಂದಿರಿಗೆ ಸಾಧ್ಯವಿತ್ತು?

1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್ ಬಂದವು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕ್ಷಯ ಸಂಶೋಧನಾ ಕೇಂದ್ರವು ಬಡ ಬಡಾವಣೆಗಳ 193 ಶ್ವಾಸಕೋಶ ಕ್ಷಯ ರೋಗಿಗಳಲ್ಲಿ ಕೆಲವರಿಗೆ ಸ್ಯಾನಿಟೋರಿಯಂನಲ್ಲಿ, ಉಳಿದವರಿಗೆ ಮನೆಯಲ್ಲೇ ಔಷಧ ಕೊಟ್ಟು ನೋಡಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. 1959ರಲ್ಲಿ ಹೊರಬಂದ ಈ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯನ್ನೇ ಬದಲಿಸಿತು. ಮನೆ ಬಿಡಲಾಗದ ಹೆಣ್ಣಿಗೆ ಇದಕ್ಕಿಂತ ದೊಡ್ಡ ವರವಿಲ್ಲ.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅದರ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1963ರಲ್ಲಿ ವರದಿ ಪ್ರಕಟಿಸಿದರು. ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧಿ ಕೊಟ್ಟು ಅವರನ್ನು ವಾಪಸ್ ಕಳಿಸಲಾಗಿತ್ತು. ಅಂದರೆ ರೋಗಿ ಬಂದರೂ ರೋಗವನ್ನು ಗುರುತಿಸಿರಲಿಲ್ಲ.

ಸ್ತನ ಕ್ಷಯದಲ್ಲಿ ಇಂದಿಗೂ ಇದೇ ತೊಡಕು. ಇದು ಹೆಚ್ಚಾಗಿ 20ರಿಂದ 40 ವರ್ಷದ ಹೆಂಗಸರಲ್ಲಿ, ಕೆಲವೊಮ್ಮೆ ಹಾಲೂಡಿಸುವ ತಾಯಂದಿರಲ್ಲಿ ಕಾಣುತ್ತದೆ. ಒಂದು ಗಂಟು, ಕೆಲವೊಮ್ಮೆ ನೋವು, ಕಂಕುಳಲ್ಲಿ ಊದಿದ ಗ್ರಂಥಿ. ಹಾಲು ಕಟ್ಟಿಕೊಂಡಿದೆ ಎಂದು ಸುಮ್ಮನಾಗುವವರುಂಟು. ಬಾವೆಂದು ಕೊಯ್ದು ಕೀವು ತೆಗೆದರೆ ಮತ್ತೆ ತುಂಬುತ್ತದೆ, ಗಾಯ ಮಾಯದೆ ಸೋರುತ್ತದೆ. ಗಟ್ಟಿ ಗಂಟಾದರೆ ಕ್ಯಾನ್ಸರ್ ಎಂದೇ ಭಯ. ಕೆಮ್ಮು, ಜ್ವರ ಇಲ್ಲದಿರುವುದರಿಂದ ಕ್ಷಯದ ಅನುಮಾನವೇ ಬರುವುದಿಲ್ಲ.

ಕೈಯಿಂದ ಮುಟ್ಟಿ, ಸ್ಕ್ಯಾನ್ ನೋಡಿ ಮಾತ್ರ ಇದನ್ನು ತೀರ್ಮಾನಿಸಲಾಗದು. ಸೂಜಿಯಿಂದ ಗಂಟಿನ ಚೂರು ತೆಗೆದು ಬಯಾಪ್ಸಿ ಮಾಡಬೇಕು. ಆ ಚೂರು ಅಥವಾ ಕೀವನ್ನು ಕ್ಷಯದ ಜೀನ್ ಪರೀಕ್ಷೆಗೂ ಕಲ್ಚರ್‌ಗೂ ಕಳಿಸಬೇಕು. ಸ್ತನದಲ್ಲಿ ರೋಗಾಣುಗಳು ಕಡಿಮೆ ಇರುವುದರಿಂದ ಒಂದು ಪರೀಕ್ಷೆಯಲ್ಲಿ ಸಿಗಲಿಲ್ಲವೆಂದರೆ ಕ್ಷಯವಲ್ಲ ಎಂದಲ್ಲ. ಕ್ಷಯವನ್ನೇ ಹೋಲುವ, ಕ್ಷಯವಲ್ಲದ ಉರಿಯೂತವೂ ಇದೆ. ಕ್ಯಾನ್ಸರ್ ಇಲ್ಲವೆಂಬುದೂ ಖಚಿತವಾಗಬೇಕು.

ಕ್ಷಯವೇ ಎಂದಾದರೆ ಹೆದರಬೇಕಿಲ್ಲ. ಮೊದಲ ಎರಡು ತಿಂಗಳು ನಾಲ್ಕು ಔಷಧ, ನಂತರದ ನಾಲ್ಕು ತಿಂಗಳು ಮೂರು, ಸಾಮಾನ್ಯವಾಗಿ ಇಷ್ಟೇ. ಕೆಲವರಿಗೆ ವೈದ್ಯರು ಅವಧಿ ಹೆಚ್ಚಿಸಬಹುದು. ಕೀವು ತೆಗೆಯುವುದು ಬೇಕಾಗಬಹುದು, ಸ್ತನ ತೆಗೆಯುವ ಪ್ರಮೇಯ ಈಗ ತೀರಾ ವಿರಳ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ಮಾತ್ರೆಯ ಬಣ್ಣ, ಗಾಬರಿ ಬೇಡ. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಸರ್ಕಾರಿ ಕೇಂದ್ರಗಳಲ್ಲಿ ಔಷಧ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರ್‌ನಿಂದ 1000ಕ್ಕೆ ಏರಿಸಲಾಗಿದೆ. ಗುಣವಾದಂತೆ ಕಂಡಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸಬಾರದು.

ಕೂಪರ್ ಕಂಡ ಆ ಯುವತಿಯರಿಗೆ ಔಷಧವಿರಲಿಲ್ಲ. ನಮಗಿದೆ. ಎದೆಯಲ್ಲಿ ಗಂಟು ಸಿಕ್ಕರೆ, ಬಾವು ಮರುಕಳಿಸಿದರೆ ಸಂಕೋಚ ಬಿಟ್ಟು ತೋರಿಸೋಣ. ‘ಬಯಾಪ್ಸಿ ಆಯಿತೇ, ಕ್ಷಯದ ಪರೀಕ್ಷೆಗೆ ಕಳಿಸಿದ್ದೀರಾ’ ಎಂದು ಡಾಕ್ಟರನ್ನು ಕೇಳೋಣ. ಮನೆಯ ಸೊಸೆಗೋ, ಮನೆಕೆಲಸಕ್ಕೆ ಬರುವಾಕೆಗೋ ಹೀಗಾದರೆ ಜೊತೆಯಲ್ಲಿ ಹೋಗಿಬರೋಣ.