ಮನೆ ಕಟ್ಟಿಸುವವರೂ ಗ್ರಾಹಕರೇ?

ಮುಂಬೈಯಲ್ಲೋ ದೆಹಲಿಯಲ್ಲೋ ದುಡಿದು, ಊರಿನ ಸೈಟಿನಲ್ಲಿ ಒಂದು ಮನೆ ಎಬ್ಬಿಸಬೇಕೆಂಬ ಆಸೆ ನಮ್ಮ ಕೇಳುಗರಲ್ಲಿ ಬಹಳ ಮಂದಿಗಿದೆ. ಚದರಕ್ಕೆ ಇಷ್ಟು ಎಂದು ಮಾತಾಗುತ್ತದೆ, ಛಾಪಾ ಕಾಗದದ ಮೇಲೆ ಎರಡು ಪುಟದ ಕರಾರು ಆಗುತ್ತದೆ, ಮುಂಗಡವೂ ಕೈ ದಾಟುತ್ತದೆ. ಕೆಲಸ ಅರ್ಧಕ್ಕೆ ನಿಂತ ಮೇಲೆ ಫೋನ್ ಎತ್ತುವವರಿಲ್ಲ. ಆಗ ಎಲ್ಲಿಗೆ ಹೋಗಬೇಕು?

ಬಹಳ ಕಾಲ ಇದಕ್ಕಿದ್ದ ಉತ್ತರ ಒಂದೇ, ಸಿವಿಲ್ ಕೋರ್ಟು. 1872ರ ಭಾರತೀಯ ಕರಾರು ಕಾಯ್ದೆಯ ಕಣ್ಣಿಗೆ ಮನೆ ಕಟ್ಟುವ ಗುತ್ತಿಗೆಯೂ ಉಳಿದೆಲ್ಲ ಕರಾರುಗಳಂತೆಯೇ. ಕರಾರು ಮುರಿದವನು ನಷ್ಟ ತುಂಬಿಕೊಡಬೇಕು ಎನ್ನುತ್ತದೆ ಅದರ 73ನೇ ಕಲಮು. ತಡವಾದರೆ ಇಷ್ಟು ದಂಡ ಎಂದು ಕಾಗದದಲ್ಲಿ ಬರೆದುಕೊಂಡಿದ್ದರೂ ಅಷ್ಟೂ ಸಿಗುತ್ತದೆಂಬ ಖಾತರಿಯಿಲ್ಲ. 74ನೇ ಕಲಮಿನಂತೆ ಆ ಮೊತ್ತಕ್ಕೆ ಮೀರದ, ನ್ಯಾಯವೆನಿಸುವ ಪರಿಹಾರ ಮಾತ್ರ. ಅದನ್ನು ಪಡೆಯಲು ದಾವೆ, ವಕೀಲರು, ವಾಯಿದೆಗಳು. ಬಾಡಿಗೆ ಮನೆಯಲ್ಲಿದ್ದು ಸಾಲದ ಕಂತು ಕಟ್ಟುವವನಿಗೆ ಅಷ್ಟು ಪುರಸೊತ್ತೆಲ್ಲಿ?

ಮಹಾರಾಷ್ಟ್ರ ಬೇಗ ಎಚ್ಚೆತ್ತಿತು. 1963ರ ಅಲ್ಲಿನ ಫ್ಲ್ಯಾಟ್ ಕಾಯ್ದೆ, ಬೆಲೆಯ ಶೇ. 20 ಮೀರದ ಮುಂಗಡ ಪಡೆಯುವ ಮೊದಲೇ ಲಿಖಿತ ಒಪ್ಪಂದ ಮಾಡಿ ನೋಂದಾಯಿಸಬೇಕೆಂದಿತು. ಆದರೆ ಅದು ಫ್ಲ್ಯಾಟ್ ಕೊಳ್ಳುವವರಿಗೆ. ಸ್ವಂತ ಜಾಗದಲ್ಲಿ ಕಟ್ಟಿಸುವವರಿಗಲ್ಲ.

1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಸೇವೆಯ ವ್ಯಾಖ್ಯೆಯಲ್ಲಿ ಮನೆ ನಿರ್ಮಾಣದ ಹೆಸರಿರಲಿಲ್ಲ. ಅದು ಸೇರಿದ್ದು 1993ರ ತಿದ್ದುಪಡಿಯಲ್ಲಿ. ಅದೇ ನವೆಂಬರಿನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಿಲ್ಡರ್ ಆಗಲಿ ಗುತ್ತಿಗೆದಾರನಾಗಲಿ ಸರ್ಕಾರಿ ಪ್ರಾಧಿಕಾರವೇ ಆಗಲಿ, ಮನೆ ಕಟ್ಟಿಕೊಡುವುದು ಸೇವೆಯೇ ಎಂದಿತು. ಹೇಳಿದ ಅವಧಿಯಲ್ಲಿ ಮನೆ ಒಪ್ಪಿಸದಿದ್ದರೆ ಅದು ಸೇವೆಯ ನಿರಾಕರಣೆ.

ಅಲ್ಲಿಗೂ ಮುಗಿಯಲಿಲ್ಲ. ದೆಹಲಿಯ ಒಬ್ಬ ಮಾಲೀಕರು 1991ರಲ್ಲಿ ಬಿಲ್ಡರ್ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಹಳೆ ಮನೆ ಕೆಡವಿ ಬಿಲ್ಡರ್ ತನ್ನ ಖರ್ಚಿನಲ್ಲೇ ಹೊಸ ಕಟ್ಟಡ ಎಬ್ಬಿಸಬೇಕು. ನೆಲಮಹಡಿಯೂ 8 ಲಕ್ಷ ರೂಪಾಯಿಯೂ ಮಾಲೀಕರಿಗೆ, ಮೇಲಿನ ಮಹಡಿಗಳು ಬಿಲ್ಡರ್‌ಗೆ. ಮಂಜೂರಾದ ನಕ್ಷೆ ಮೀರಲಾಗಿದೆ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಬಂದಿಲ್ಲ ಎಂದು ಮಾಲೀಕರು ದೂರಿದರು. ಜಿಲ್ಲಾ ವೇದಿಕೆ, ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ, ಮೂರೂ ಕಡೆ ಒಂದೇ ಉತ್ತರ: ಇದು ಜಂಟಿ ಉದ್ಯಮ, ನೀವು ಗ್ರಾಹಕರಲ್ಲ!

2008ರ ಜುಲೈ 10ರಂದು ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ವಕೀಲರಾಗಿ, ನ್ಯಾಯಮೂರ್ತಿಯಾಗಿ ಇದ್ದವರು. ಕಾಗದದ ತಲೆಬರಹ ಏನೇ ಇರಲಿ, ಒಳಗಿನ ವ್ಯವಹಾರ ನೋಡಬೇಕು ಎಂದರು. ನಿರ್ಮಾಣದಲ್ಲಿ ಮಾಲೀಕನ ಮಾತು ನಡೆಯುವುದಿಲ್ಲ, ಲಾಭನಷ್ಟದಲ್ಲೂ ಪಾಲಿಲ್ಲ. ಜಂಟಿ ಎಲ್ಲಿಂದ ಬಂತು? ಅವನು ಕೊಟ್ಟ ಜಾಗದ ಪಾಲೇ ಬಿಲ್ಡರ್ ಪಡೆದ ಸಂಭಾವನೆ. (ನಿಜವಾಗಿ ಪಾಲುದಾರನೇ ಆಗಿದ್ದರೆ ಮಾತು ಬೇರೆ.) ಮೂರು ಮೆಟ್ಟಿಲು ಹತ್ತಿಳಿದವರಿಗೆ ಈ ಒಂದು ಮಾತು ಕೇಳಲು ಹಿಡಿದದ್ದು, ಒಪ್ಪಂದವಾದ ದಿನದಿಂದ 17 ವರ್ಷ. ಅದೂ ವಿಚಾರಣೆ ಮತ್ತೆ ಜಿಲ್ಲಾ ವೇದಿಕೆಯಿಂದಲೇ ಶುರುವಾಗಬೇಕೆಂಬ ಆದೇಶದೊಂದಿಗೆ.

2016ರ ರೇರಾ ಕಾಯ್ದೆ ಖರೀದಿದಾರರಿಂದ ಬಂದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಡಿಸಿತು, ಕಟ್ಟಡದ ರಚನಾ ದೋಷಗಳಿಗೆ 5 ವರ್ಷ ಬಿಲ್ಡರನ್ನೇ ಹೊಣೆ ಮಾಡಿತು. ಆದರೆ ಸ್ವಂತ ಸೈಟಿನಲ್ಲಿ ಮೇಸ್ತ್ರಿಗೋ ಕಂಟ್ರಾಕ್ಟರಿಗೋ ಗುತ್ತಿಗೆ ಕೊಟ್ಟು, ಇರಲೆಂದೇ ಕಟ್ಟಿಸಿಕೊಳ್ಳುವ ಮನೆಗೆ ರೇರಾ ಬರುವುದಿಲ್ಲ. ಅವರಿಗಿರುವುದು ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರಲ್ಲೂ ಮನೆ ನಿರ್ಮಾಣ ಸೇವೆಯೇ. ದೂರು ಕೊಡಲು ಗಡುವು, ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷ.