‘ಇನ್ನೇನೂ ಮಾಡಲಾಗದು’ ಎಂಬ ಮಾತಿನ ಚರಿತ್ರೆ

ಕ್ಯಾನ್ಸರ್ ಮೈಯೆಲ್ಲ ಹರಡಿದ ಮೇಲೆ ರೋಗಿಯ ಮನೆಯವರ ಕಿವಿಗೆ ಬೀಳುವ ಮಾತೊಂದಿದೆ: ‘ಇನ್ನೇನೂ ಮಾಡಲಾಗದು, ಮನೆಗೆ ಕರೆದುಕೊಂಡು ಹೋಗಿ.’ ಗೆಡ್ಡೆಯ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಆ ಗೆಡ್ಡೆಯನ್ನು ಹೊತ್ತ ಮನುಷ್ಯನ ಮಟ್ಟಿಗೆ ಅದು ಎಷ್ಟು ನಿಜ? ಉಪಶಮನ ಚಿಕಿತ್ಸೆಯ ಆರು ದಶಕಗಳ ಚರಿತ್ರೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆ. ‘ಕೊನೆಗಾಲದ ಲಕ್ಷಣ’ ಎಂದು ಜನ ಒಪ್ಪಿಕೊಂಡಿದ್ದ ಒಂದೊಂದು ಸಂಕಟವನ್ನೂ ಬಿಡಿಸಿ ನೋಡಿ, ‘ಇದಕ್ಕೆ ಬೇರೆಯೇ ಕಾರಣವಿದೆ, ಮದ್ದೂ ಇದೆ’ ಎಂದು ಹೇಳಿದ ಕಥೆ ಅದು.

ಈ ಕಥೆಯ ಆರಂಭ ಲಂಡನ್ನಿನಲ್ಲಿ. ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜಸೇವಾ ಕಾರ್ಯಕರ್ತೆ, ಕೊನೆಗೆ ಮೂವತ್ತು ದಾಟಿದ ಮೇಲೆ ಓದಿ ವೈದ್ಯೆಯಾದವರು. 1967ರಲ್ಲಿ ಅವರು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ನೋವು ಬಂದ ಮೇಲೆ ಮಾರ್ಫಿನ್ ಕೊಡುವುದು ಆಗಿನ ರೂಢಿ. ರೋಗಿ ನರಳಬೇಕು, ಬೇಡಬೇಕು, ಕಾಯಬೇಕು. ಸಾಂಡರ್ಸ್ ಇದನ್ನು ತಿರುಗಿಸಿದರು: ನೋವು ಮರಳುವ ಮೊದಲೇ, ಗಡಿಯಾರ ನೋಡಿ, ಬಾಯಿಯ ಮೂಲಕ ಔಷಧ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಇದೇ ತತ್ತ್ವವನ್ನು ಮೂರು ಮೆಟ್ಟಿಲುಗಳ ಏಣಿಯಾಗಿ ಇಡೀ ಜಗತ್ತಿಗೆ ಹೇಳಿತು.

ಮಾರ್ಫಿನ್ ತನ್ನದೇ ತೊಡಕುಗಳನ್ನೂ ತರುತ್ತದೆ. ಆರಂಭದ ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ತಗ್ಗುತ್ತವೆ. ಮಲಬದ್ಧತೆ ಮಾತ್ರ ತಗ್ಗುವುದಿಲ್ಲ. ಆದ್ದರಿಂದ ಮಾರ್ಫಿನ್ ಚೀಟಿ ಬರೆಯುವ ದಿನವೇ ಭೇದಿಯ ಔಷಧವನ್ನೂ ಬರೆಯಬೇಕು ಎಂಬುದು ಈ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಕೇಳಲು ಸಣ್ಣ ಸಂಗತಿ. ಆದರೆ ಇದೊಂದನ್ನು ಮರೆತದ್ದಕ್ಕೆ ಹೊಟ್ಟೆ ಕಟ್ಟಿ, ಸಂಕಟ ತಾಳದೆ ನೋವಿನ ಔಷಧವನ್ನೇ ಬಿಟ್ಟವರಿದ್ದಾರೆ.

ಇನ್ನು ಕರುಳಿಗೇ ಗೆಡ್ಡೆ ಅಡ್ಡ ಬಂದರೆ? ಶಸ್ತ್ರಕ್ರಿಯೆ, ಇಲ್ಲವೇ ಮೂಗಿನಿಂದ ಹೊಟ್ಟೆಗೆ ಇಳಿಸಿದ ಕೊಳವೆ ಮತ್ತು ಡ್ರಿಪ್. ಅಷ್ಟೇ ದಾರಿ ಎಂದು ನಂಬಿದ್ದರು. ಸೇಂಟ್ ಕ್ರಿಸ್ಟೋಫರ್ಸ್‌ನ ಮೇರಿ ಬೇನ್ಸ್ ಮತ್ತು ಸಂಗಡಿಗರು 1985ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೇರೆ ದಾರಿ ತೋರಿಸಿದರು. ಶಸ್ತ್ರಕ್ರಿಯೆ ತಾಳಲಾರದವರಲ್ಲಿ ನೋವು, ವಾಂತಿಗಳನ್ನು ಔಷಧಗಳಿಂದಲೇ ಹದಕ್ಕೆ ತರಬಹುದು. ಬ್ಯಾಟರಿಯಿಂದ ನಡೆಯುವ ಪುಟ್ಟ ಸಿರಿಂಜ್ ಪಂಪು ಚರ್ಮದಡಿಗೆ ನಿಧಾನವಾಗಿ ಔಷಧ ಇಳಿಸುವುದರಿಂದ ಈ ಚಿಕಿತ್ಸೆ ಮನೆಯಲ್ಲೂ ಸಾಧ್ಯವಾಯಿತು.

ಇನ್ನೆರಡು ತೊಡಕುಗಳು ಹೆಚ್ಚು ಮೋಸಗೊಳಿಸುವಂಥವು. ಒಂದು, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು. ರೋಗಿಗೆ ಬಾಯಾರಿಕೆ, ತೂಕಡಿಕೆ, ಮಾತಿನಲ್ಲಿ ಗಲಿಬಿಲಿ. ಮನೆಯವರು ‘ಕಾಲ ಬಂತು’ ಎಂದು ದೂರದ ಬಂಧುಗಳಿಗೆ ಫೋನು ಮಾಡುತ್ತಾರೆ. ಆದರೆ ಒಂದು ರಕ್ತಪರೀಕ್ಷೆ, ಡ್ರಿಪ್, ಬಿಸ್‌ಫಾಸ್ಫೊನೇಟ್ ಔಷಧ ಸಿಕ್ಕರೆ ಅದೇ ರೋಗಿ ಕೆಲವೇ ದಿನಗಳಲ್ಲಿ ಎದ್ದು ಕುಳಿತು ಮಾತನಾಡುವುದುಂಟು. ಎರಡನೆಯದು, ಬೆನ್ನುಹುರಿ ಒತ್ತಿಹೋಗುವುದು. ಬೆನ್ನುನೋವು, ಆಮೇಲೆ ಕಾಲಿನಲ್ಲಿ ಸೋಲು. ಇಲ್ಲಿ ಗಂಟೆಗಳ ಲೆಕ್ಕ. ನಡೆಯುತ್ತಿರುವಾಗಲೇ ಸ್ಟೀರಾಯ್ಡ್, ವಿಕಿರಣ ಚಿಕಿತ್ಸೆ ಸಿಕ್ಕವರು ಮುಂದೆಯೂ ನಡೆಯುವ ಸಾಧ್ಯತೆ ಹೆಚ್ಚು. ಕಾಲು ಪೂರ್ತಿ ಬಿದ್ದ ಮೇಲೆ ಬಂದವರಲ್ಲಿ ಅದು ತೀರ ಕಡಿಮೆ. ‘ನಿಶ್ಶಕ್ತಿ, ಏನು ಮಾಡುವುದು’ ಎಂದು ಕಳೆದ ಎರಡು ದಿನಕ್ಕೆ ಇಲ್ಲಿ ದೊಡ್ಡ ಬೆಲೆ.

ಭಾರತದಲ್ಲಿ ಈ ಕಥೆಗೆ ಒಂದು ವಿಚಿತ್ರ ತಿರುವಿದೆ. ಕಾನೂನುಬದ್ಧವಾಗಿ ಅಫೀಮು ಬೆಳೆದು ಜಗತ್ತಿಗೆ ಮಾರುವ ದೇಶ ನಮ್ಮದು. ಗಾಜಿಪುರ, ನೀಮಚ್‌ಗಳಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಆದರೆ 1985ರ ಮಾದಕ ವಸ್ತು ಕಾಯ್ದೆ ಹತ್ತು ವರ್ಷಗಳ ಕಠಿಣ ಶಿಕ್ಷೆಯ ಭಯ ತಂದಿತು. ಆಸ್ಪತ್ರೆಯೊಂದು ಮಾರ್ಫಿನ್ ಇಡಬೇಕಾದರೆ ಬೇರೆ ಬೇರೆ ಇಲಾಖೆಗಳ ಹಲವು ಪರವಾನಗಿ ಬೇಕಿತ್ತು, ಎಲ್ಲವೂ ಒಂದೇ ಕಾಲಕ್ಕೆ ಊರ್ಜಿತವಿರಬೇಕಿತ್ತು. ಕೊನೆಯದು ಕೈಸೇರುವಷ್ಟರಲ್ಲಿ ಮೊದಲಿನದರ ಅವಧಿ ಮುಗಿದಿರುತ್ತಿತ್ತು. ಔಷಧ ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದ ವರ್ಷದ ಬಳಕೆ 18 ಕಿಲೊಗೆ ಕುಸಿದಿತ್ತು. ಆ ವರ್ಷಗಳಲ್ಲಿ ಓದಿ ಹೊರಬಂದ ವೈದ್ಯರಲ್ಲಿ ಅನೇಕರು ಮಾರ್ಫಿನ್ ಮಾತ್ರೆಯನ್ನು ಕಣ್ಣಿಂದಲೇ ಕಂಡಿರಲಿಲ್ಲ.

ಇದೇ ಹೊತ್ತಿನಲ್ಲಿ ಕೆಲವರು ಎದುರು ದಿಕ್ಕಿನಲ್ಲಿ ನಡೆದರು. ಮುಂಬಯಿಯಲ್ಲಿ 1986ರಲ್ಲಿ ಶಾಂತಿ ಅವೇದನಾ ಆಶ್ರಮ, ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಗೆಳೆಯರ ಪೇನ್ ಆ್ಯಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ, ದೆಹಲಿಯಲ್ಲಿ 1996ರಲ್ಲಿ ಕ್ಯಾನ್‌ಸಪೋರ್ಟ್, ಪುಣೆಯಲ್ಲಿ 1997ರಲ್ಲಿ ಸಿಪ್ಲಾ ಕೇಂದ್ರ. ಬೆಂಗಳೂರಿನ ಕರುಣಾಶ್ರಯದ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ. ಮಾರತ್ತಹಳ್ಳಿಯ ಅದರ ಹಾಸ್ಪಿಸ್ 1999ರಿಂದ ಬಡವ ಬಲ್ಲಿದ ಎನ್ನದೆ ಉಚಿತವಾಗಿ ನಡೆದುಬಂದಿದೆ. ದುಬಾರಿಯಲ್ಲದ ಉಪಾಯಗಳು ಇಂಥ ಕಡೆ ಬಳಕೆಗೆ ಬಂದವು. ಕೊಳೆತ ಗಾಯದ ದುರ್ವಾಸನೆಗೆ ಕಾರಣ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ. ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಗಾಯಕ್ಕೆ ಹಾಕಿದರೆ ವಾಸನೆ ತಗ್ಗುತ್ತದೆ. ವಾಸನೆಯ ನಾಚಿಕೆಗೆ ಹಿಂದಿನ ಕೋಣೆ ಸೇರಿದ್ದವರು ಮತ್ತೆ ಮನೆಯವರ ನಡುವೆ ಕೂರಬಲ್ಲರು.

‘ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ, ಕಳ್ಳಸಂತೆಗೆ ಹೋಗುತ್ತದೆ’ ಎಂಬ ಭಯಕ್ಕೂ ಕಲ್ಲಿಕೋಟೆ ಉತ್ತರ ಕೊಟ್ಟಿತು. ಎರಡು ವರ್ಷಗಳಲ್ಲಿ 1,723 ರೋಗಿಗಳಿಗೆ, ಹೆಚ್ಚಿನವರಿಗೆ ಮನೆಯಲ್ಲೇ, ಬಾಯಿಯ ಮೂಲಕ ಮಾರ್ಫಿನ್ ಕೊಟ್ಟ ಲೆಕ್ಕ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ದುರ್ಬಳಕೆಯ ಒಂದು ಪ್ರಕರಣವೂ ಕಂಡುಬಂದಿರಲಿಲ್ಲ. ಆದರೂ ಸಂಸತ್ತು ಕಾಯ್ದೆ ತಿದ್ದಿ, ಹಲವು ಪರವಾನಗಿಗಳ ಬದಲು ಒಂದೇ ಮಾನ್ಯತೆ ಸಾಕೆಂದದ್ದು 2014ರಲ್ಲಿ. ನಡುವಿನ ಆ 29 ವರ್ಷ ನರಳಿ ಸತ್ತವರ ಲೆಕ್ಕ ಇಟ್ಟವರಿಲ್ಲ.

ಕಾಯ್ದೆ ತಿದ್ದಿದ ಮಾತ್ರಕ್ಕೆ ಪ್ರತಿ ಜಿಲ್ಲಾಸ್ಪತ್ರೆಯ ಕಪಾಟಿಗೆ ಮಾರ್ಫಿನ್ ಬಂದಿಲ್ಲ. ಆದ್ದರಿಂದ ‘ಇನ್ನೇನೂ ಮಾಡಲಾಗದು’ ಎಂಬ ಮಾತು ಕಿವಿಗೆ ಬಿದ್ದಾಗ ಕೇಳಬೇಕಾದ ಪ್ರಶ್ನೆಗಳನ್ನು ಈ ಚರಿತ್ರೆಯೇ ಕಲಿಸಿಕೊಟ್ಟಿದೆ: ನೋವಿಗೆ ಮಾರ್ಫಿನ್ ಬೇಕೇ, ಅದರ ಜೊತೆ ಭೇದಿಯ ಔಷಧ ಇದೆಯೇ? ಈ ಮಂಪರಿಗೆ ಕ್ಯಾಲ್ಸಿಯಂ ಕಾರಣವೇ? ಕಾಲು ಸೋಲುತ್ತಿರುವುದು ಬರೀ ನಿಶ್ಶಕ್ತಿಯೇ? ಹತ್ತಿರದ ಉಪಶಮನ ಚಿಕಿತ್ಸಾ ಕೇಂದ್ರ ಎಲ್ಲಿದೆ? ಎಲ್ಲಕ್ಕೂ ಒಳ್ಳೆಯ ಉತ್ತರ ಸಿಗಲಿಕ್ಕಿಲ್ಲ. ಆದರೆ ಕೇಳದಿದ್ದರೆ ಯಾವುದಕ್ಕೂ ಸಿಗುವುದಿಲ್ಲ.